ಮಂಡಿಯ ಮಂಡನೆ

ಡಿಸೆಂಬರಿನ ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದರೆ ಮೊಸರಿನ ಪಾತ್ರೆ ಮಂಡಿಗೆ ಹಾಕುವ ನನ್ನ ನೀ ಕ್ಯಾಪ್ ತೊಟ್ಟುಕೊಂಡು ಕಟ್ಟೆಯ ಮೇಲೆ ಕೂತಿತ್ತು. ಅಳತೆ ಕೊಟ್ಟು ಹೊಲಿಸಿದ ಹಾಗೆ ಹೊಂದಿತ್ತು. ಬೆಂಗಳೂರಿನ ಚಳಿಗೆ ಹಾಲು ಹೆಪ್ಪಾಗುವುದಿಲ್ಲ ಎಂಬುದು ಅವ್ವನ ಹಳೆಯ ಫಿರ್ಯಾದು. ಗದಗಿನಿಂದ ಕುಕ್ ಟೌನಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಆಕೆ ಈ ಊರಿನ ಮೇಲೆ ಹೂಡಿರುವ ಮೊಕದ್ದಮೆಗಳಲ್ಲಿ ಇದೇ ಮೊದಲನೆಯದು. ಪಾತ್ರೆಯನ್ನು ಅಕ್ಕಿ ಡಬ್ಬಿಯೊಳಗೆ ಹೂತು ನೋಡಿದ್ದಾಳೆ, ಹಳೆಯ ಸ್ವೆಟರಿನಲ್ಲಿ ಸುತ್ತಿ ನೋಡಿದ್ದಾಳೆ, ಫ್ರಿಜ್ಜಿನ ಹಿಂದೆ ಬೆಚ್ಚಗಿರುವ ಕಡೆ ಬಚ್ಚಿಟ್ಟು ಮರೆತೂ ನೋಡಿದ್ದಾಳೆ.

"ಅದು ನನ್ನ ಮಂಡಿದು," ಎಂದೆ.

"ಗೊತ್ತೈತಿ. ತೊಳದೇ ಹಾಕೇನಿ."

"ತೊಳೆದಿರೋದಲ್ಲ ಪ್ರಶ್ನೆ. ಅದು ಮೆಡಿಕಲ್ ಐಟಂ ಅವ್ವ."

"ಹೌದಲ್ಲ, ಮತ್ತ ಮೊಸರಿಗೂ ಥಂಡಿ ಹತ್ತೇತಿ. ನೀ ಅಂತೂ ಹಾಕ್ಕೊಳ್ಳೂದಿಲ್ಲ. ಕಪಾಟಿನ್ಯಾಗ ಮಲಗಿತ್ತು, ಎಬ್ಬಿಸಿ ಕೆಲಸಕ್ಕ ಹಚ್ಚೇನಿ."

ಮುಚ್ಚಳ ತೆಗೆದು ನೋಡಿದೆ. ಮೊಸರು ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿಯಾಗಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಮೊದಲು ಕಲಿತದ್ದೇ ಇದನ್ನು: ಎದುರಾಳಿಯ ಕೈಯಲ್ಲಿ ಕಣ್ಣಿಗೆ ಕಾಣುವ ಸಾಕ್ಷ್ಯ ಇರುವಾಗ ನಿಯಮದ ಮಾತೆತ್ತಬಾರದು. ಸುಮ್ಮನೆ ಈಚೆ ಬಂದೆ.

ನಾನು ಆ ಬೆಳಿಗ್ಗೆ ನೀ ಕ್ಯಾಪ್ ಹುಡುಕಿಕೊಂಡು ಹೋದದ್ದಕ್ಕೆ ಕಾರಣವಿತ್ತು. ಮತ್ತೆ ಓಡಲು ಶುರುಮಾಡುವವಳಿದ್ದೆ. ಮೂರನೆಯ ಸಲ. ಮೊದಲ ಸಲ ನೋವು ಹೋಯಿತೆಂದು ಓಡಿದೆ, ಮಂಡಿ ಊದಿ ಗುಂಡು ಬದನೆಕಾಯಿಯಾಯಿತು. ಎರಡನೆಯ ಸಲ ನೋವು ಹೋಗಲಿಲ್ಲವೆಂದು ಹಟಕ್ಕೆ ಓಡಿದೆ, ಫಲಿತಾಂಶ ಅದೇ ಬದನೆಕಾಯಿ. ಆಗ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನನ್ನ ಮುಖ ನೋಡದೆ ಹೇಳಿದರು: "ಇನ್ನೊಂದ್ ಸಲ ಊದ್ಕೊಂಡ್ರೆ ಒಳಗೆ ಕ್ಯಾಮೆರಾ ಹಾಕಿ ನೋಡ್ಬೇಕಾಗುತ್ತೆ. ಆಮೇಲೆ ಓಟ ಮರೆತ್ಬಿಡಿ. ಈಜು ಕಲೀರಿ."

ನನಗೆ ಈಜು ಬೇಡ. ನೀರಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ಬಾಯಿ ಮುಚ್ಚಿಕೊಂಡಿರುವುದಕ್ಕೆ ನನ್ನ ತಕರಾರಿಲ್ಲ, ಆದರೆ ಅದು ನನ್ನ ಇಷ್ಟವಾಗಿರಬೇಕು, ನೀರಿನ ಒತ್ತಾಯವಾಗಿರಬಾರದು.

ಓಟದ ಬಗ್ಗೆ ಜನ ಹೇಳುವ ದೊಡ್ಡ ದೊಡ್ಡ ಮಾತುಗಳನ್ನು ನಾನು ನಂಬುವುದಿಲ್ಲ. ಇಂದಿರಾನಗರದಲ್ಲಿ ಭಾನುವಾರ ಬೆಳಿಗ್ಗೆ ಒಂದೇ ಬಣ್ಣದ ಬನಿಯನ್ನು ತೊಟ್ಟು ಗುಂಪಾಗಿ ಓಡುವವರು, ಆಮೇಲೆ ದೋಸೆ ಹೋಟೆಲಿನ ಮುಂದೆ ನಿಂತು, ಓಟ ತಮ್ಮ ಬದುಕನ್ನೇ ಬದಲಿಸಿತು ಎನ್ನುತ್ತಾರೆ. ಬದಲಾದದ್ದೇನು ಎಂದು ಒಬ್ಬರನ್ನು ಕೇಳಿದ್ದೆ. ಬೇಗ ಏಳ್ತೀನಿ ಎಂದರು. ಹಾಲು ಹಾಕುವವರೂ ಬೇಗ ಏಳುತ್ತಾರೆ ಎಂದೆ. ಅಲ್ಲಿಗೆ ನಮ್ಮ ಪರಿಚಯ ಮುಗಿಯಿತು. ನನ್ನ ಲಾಭ ಇದಕ್ಕಿಂತ ಚಿಕ್ಕದು. ಹಗಲೆಲ್ಲ ಕಚೇರಿಯ ಮೀಟಿಂಗುಗಳಲ್ಲಿ ಉತ್ತರ ಕೊಡುತ್ತಿರುತ್ತೇನೆ. ಸ್ನಾನ ಮಾಡುವಾಗ, ಎಂದೋ ಸೋತ ವಾದಗಳಿಗೆ ಹೊಸ ಉತ್ತರ ಹೊಸೆಯುತ್ತಿರುತ್ತೇನೆ. ಓಡುವಾಗ ಮಾತ್ರ, ಮೈ ಬಿಸಿಯಾದ ಮೇಲೆ ಯಾವುದೋ ಒಂದು ಘಳಿಗೆಯಲ್ಲಿ, ತಲೆಯೊಳಗೆ ಎದುರು ಕುರ್ಚಿಯಲ್ಲಿ ಸದಾ ಕೂತಿರುವ ಎದುರಾಳಿ ಎದ್ದುಹೋಗುತ್ತಾನೆ. ಇಷ್ಟೇ ಲಾಭ. ಆದರೆ ಇಷ್ಟು ಹೋದರೆ ಉಳಿಯುವುದು ಎಷ್ಟು ಕಡಿಮೆ ಎಂಬುದು ಓಡದೆ ಕಳೆದ ತಿಂಗಳುಗಳಲ್ಲಿ ಗೊತ್ತಾಗಿತ್ತು. ಎದುರಾಳಿ ಏಳುತ್ತಲೇ ಇರಲಿಲ್ಲ. ಕಾಫಿ ಬೇರೆ ಕೇಳುತ್ತಿದ್ದ.

ಈ ಮಂಡಿ ಎಂಬ ಪದವೇ ಒಂದು ಕಡೆ ನಿಲ್ಲುವಂಥದ್ದಲ್ಲ. ನಮ್ಮ ಮನೆಯಲ್ಲಿ ಅದು ಮಣಕಾಲು. ಶಾಲೆಯ ಕನ್ನಡದಲ್ಲಿ ಮಂಡಿ. ಶಿವಾಜಿನಗರಕ್ಕೆ ಹೋದರೆ ಮಂಡಿ ಎಂದರೆ ಮೂಟೆಗಟ್ಟಲೆ ಸರಕು ಮಾರುವ ಜಾಗ. ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮಂಗಳೂರಿನ ಹುಡುಗಿಗೆ ಕೊನೆಯ ಸ್ವರ ಒಂದು ಬದಲಾದರೆ ಮಂಡೆ, ಅಂದರೆ ತಲೆ. ಇನ್ನು ಚರ್ಚಾಸ್ಪರ್ಧೆಯಲ್ಲಿ ನಾವು ಮಾಡುತ್ತಿದ್ದದ್ದೇ ವಿಷಯ ಮಂಡನೆ. ಮಂಡಿಸುವುದು ಎಂದರೆ ಎದುರಾಳಿಯನ್ನು ಮಂಡಿ ಊರಿಸುವುದು ಎಂದೇ ನಾನು ಬಹಳ ದಿನ ತಿಳಿದಿದ್ದೆ. ಹಾಗೆ ತಿಳಿದಿದ್ದಷ್ಟು ದಿನ ಬಹುಮಾನಗಳೂ ಹೆಚ್ಚು ಬಂದವು.

ತಪ್ಪು ತಿಳಿವಳಿಕೆಗೆ ಕಾರಣವಿತ್ತು. ನಮ್ಮದು ಕಂಟೋನ್ಮೆಂಟಿನ ಕಾನ್ವೆಂಟ್ ಶಾಲೆ. ಅಲ್ಲಿ ಎಲ್ಲ ಅಪರಾಧಕ್ಕೂ ಒಂದೇ ಶಿಕ್ಷೆ, ನೀಲ್ ಡೌನ್. ಕಾರಿಡಾರಿನ ಕೆಂಪು ನೆಲದ ಮೇಲೆ, ಪೊರಕೆಗೆ ಸಿಗದೆ ಉಳಿದ ಮರಳಿನ ಮೇಲೆ, ಮಂಡಿ ಊರಿ ಕೂರಬೇಕು. ಆ ಎತ್ತರದಿಂದ ಲೋಕ ಬೇರೆಯೇ. ಟೀಚರುಗಳನ್ನು ಚಪ್ಪಲಿಯಿಂದಲೇ ಗುರುತಿಸಬಹುದು. ಗಂಟೆ ಹೊಡೆದ ಮೇಲೆ ಎದ್ದರೆ ಮಂಡಿಯ ತುಂಬ ಮರಳಿನ ಅಚ್ಚು. ಶಿಕ್ಷೆ ಅನುಭವಿಸಿದವರೆಲ್ಲ ನಲ್ಲಿಯ ಹತ್ತಿರ ಸೇರಿ ಯಾರ ಅಚ್ಚು ಆಳ ಎಂದು ಹೋಲಿಸುತ್ತಿದ್ದೆವು. ಆ ವಿಷಯದಲ್ಲಿ ನನಗೆ ಸಾಟಿ ಇರಲಿಲ್ಲ, ಏಕೆಂದರೆ ನನ್ನ ಅಪರಾಧ ದಿನವೂ ಒಂದೇ: ಮಾತು.

ಒಂದು ದಿನ ನ್ಯಾಯ ಕೇಳಿದೆ. "ಮಿಸ್, ಮಾತಾಡಿದ್ದು ಬಾಯಿ. ಮಂಡಿ ಏನ್ ಮಾಡ್ತು?"

ಮಿಸ್ ಒಂದು ಕ್ಷಣ ನನ್ನನ್ನು ನೋಡಿದರು. "ಆ ಬಾಯಿನ ಕ್ಲಾಸಿಗೆ ಹೊತ್ಕೊಂಡು ಬಂದಿದ್ದು ಯಾರು? ಕಾಲು ತಾನೆ? ಮಂಡಿ ಊರು."

ಅಷ್ಟು ಒಳ್ಳೆಯ ಉತ್ತರ ನನಗೆ ಆಮೇಲೆ ರಾಜ್ಯಮಟ್ಟದ ಸ್ಪರ್ಧೆಗಳಲ್ಲೂ ಸಿಗಲಿಲ್ಲ. ಅದೇ ವಾರ ಅವರು ನನ್ನ ಹೆಸರನ್ನು ಚರ್ಚಾಸ್ಪರ್ಧೆಗೆ ಕೊಟ್ಟರು. ಅದು ಬಡ್ತಿಯೋ ಶಿಕ್ಷೆಯ ಮುಂದುವರಿಕೆಯೋ ಇನ್ನೂ ತೀರ್ಮಾನವಾಗಿಲ್ಲ.

ಮಂಡಿ ಮೊದಲು ಕೈಕೊಟ್ಟದ್ದು ಓಡುವಾಗ ಎಂದು ಎಲ್ಲರೂ ಊಹಿಸುತ್ತಾರೆ. ಅಲ್ಲ. ಊಟಕ್ಕೆ ಕೂತಾಗ. ಹೊರಮಾವಿನಲ್ಲಿ ನಮ್ಮ ಸಂಬಂಧಿಕರ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಊರು ಯಾವುದಾದರೇನು, ಪಂಕ್ತಿ ನೆಲದ ಮೇಲೇ ಆಗಬೇಕೆಂದು ಹಿರಿಯರು ಹಟ ಹಿಡಿದಿದ್ದರು. ಚಕ್ಕಂಬಕ್ಕಳ ಹಾಕಿ ಕೂತು ಉಂಡೆ. ಉಳಿದವರೆಲ್ಲ ಎದ್ದರು. ನಾನು ಎದ್ದೆ ಎಂದುಕೊಂಡೆ, ಆದರೆ ಅಲ್ಲೇ ಇದ್ದೆ. ಬಲ ಮಂಡಿ ಬೀಗ ಹಾಕಿಕೊಂಡಿತ್ತು. ಬಡಿಸುತ್ತಿದ್ದ ಮಾವನಿಗೆ ಕಂಡದ್ದು ಖಾಲಿ ಎಲೆಯ ಮುಂದೆ ಅಲ್ಲಾಡದೆ ಕೂತ ಒಬ್ಬ ಹುಡುಗಿ.

"ಏಳವಲ್ಲಿ ಅಂದ್ರ ಇನ್ನೊಂದು ಬೇಕಾಗೇತಿ. ನಾಚಿಕಿ ಯಾಕ?" ಎಂದು ಹೋಳಿಗೆ ಹಾಕಿದರು.

"ಬೇಡ ಮಾವಾ."

ನಮ್ಮ ಕಡೆ ಪಂಕ್ತಿಯಲ್ಲಿ ಬೇಡ ಎನ್ನುವುದು ಹಾಕಿ ಎನ್ನುವುದರ ಸಭ್ಯ ರೂಪ. ಇನ್ನೊಂದು ಬಿತ್ತು, ಮೇಲೆ ತುಪ್ಪ. ಕೊನೆಗೆ ನಿಜ ಹೇಳಬೇಕಾಯಿತು. ಇಬ್ಬರು ಅತ್ತೆಯರು ಕಂಕುಳಿಗೆ ಕೈಹಾಕಿ ಎಬ್ಬಿಸಿದರು. ಆಮೇಲಿನ ಸಭೆಯಲ್ಲಿ ನನ್ನ ಓಟದ ವಿಚಾರಣೆ ನಡೆಯಿತು.

"ಓಡೂದು ಯಾಕ ಅಂತೀನಿ. ಹಿಂದ ನಾಯಿ ಬೆನ್ನ ಹತ್ತಿತ್ತೇನ?" ಎಂದರು ಮಾವ.

"ಇಲ್ಲ ಮಾವಾ, ಸುಮ್ನೆ ಓಡೋದು."

"ಸುಮ್ಮನ ಓಡಿದ್ದಕ್ಕ ಸುಮ್ಮನ ಕುಂಡ್ರಿಸೇತಿ ನೋಡು."

ಅದಾದ ಮೇಲೆ ಅವ್ವ ತನ್ನ ಕಡೆಯಿಂದ ಚಿಕಿತ್ಸೆ ಶುರುಮಾಡಿದಳು. ಹಲಸೂರಿನಲ್ಲಿ ಸೆಲ್ವಿ ಅಕ್ಕ ಎಂಬುವರಿದ್ದಾರೆ, ಬಾಣಂತಿಯರಿಗೆ ಎಣ್ಣೆಸ್ನಾನ ಮಾಡಿಸುವವರು. ಅವ್ವ ಅವರಿಗೆ ಫೋನು ಮಾಡಿದಳು. ಸಾಮಾನ್ಯವಾಗಿ ಅವ್ವ ಮಣಕಾಲು ಎನ್ನುವವಳೇ. ಆದರೆ ಸೆಲ್ವಿ ಅಕ್ಕ ತಮಿಳಿನವರು, ಗದಗಿನ ಮಾತು ತಿಳಿಯಲಿಕ್ಕಿಲ್ಲ ಎಂದು ದಾಕ್ಷಿಣ್ಯಕ್ಕೆ ಬೆಂಗಳೂರು ಕನ್ನಡಕ್ಕೆ ಇಳಿದು, "ಮಗಳಿಗೆ ಮಂಡಿ ಭಾಳ ನೋವು" ಎಂದಳು.

ಸೆಲ್ವಿ ಅಕ್ಕ ಎಳ್ಳೆಣ್ಣೆಯ ಬಾಟಲಿಯೊಂದಿಗೆ ಬಂದರು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಎಣ್ಣೆ ಬಿಸಿಮಾಡಿ ನೆತ್ತಿಯ ಮೇಲೆ ಸುರಿದರು.

"ಎಷ್ಟು ಸೂಡು ಪಾಪಾ, ಕಾದೋಗಿದೆ. ಜಾಸ್ತಿ ಯೋಚ್ನೆ ಮಾಡ್ತೀಯಾ ನೀನು?"

ಮೇಲಿನಿಂದ ಶುರುಮಾಡಿ ಕೆಳಗಿಳಿಯುವುದು ಇವರ ಪದ್ಧತಿ ಇರಬೇಕು ಎಂದುಕೊಂಡೆ. ಮನೆಮದ್ದುಗಳ ವಿರುದ್ಧ ಒಂದು ಭಾಷಣವನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಆದರೆ ಹೆಬ್ಬೆರಳುಗಳು ಕಪಾಲದ ಮೇಲೆ ತಿರುಗತೊಡಗಿದಾಗ ಮೊದಲ ವಾಕ್ಯವೇ ನೆನಪಾಗಲಿಲ್ಲ. ಎಲ್ಲ ಮುಗಿಸಿ, ತಲೆಗೆ ಟವೆಲ್ಲು ಸುತ್ತಿ, ಅವರು ಸೆರಗಿಗೆ ಕೈ ಒರೆಸಿಕೊಂಡು ಹೊರಟರು.

"ಮತ್ತ ಮಂಡಿ?" ಎಂದಳು ಅವ್ವ.

"ಆಯ್ತಲ್ಲಮ್ಮಾ. ಮಂಡೈ ಫುಲ್ಲಾ ಹಚ್ಚಿದೀನಿ."

ಅವ್ವ ಬಗ್ಗಿ ನನ್ನ ಮಂಡಿಯನ್ನು ತೋರಿಸಿದಳು.

"ಅಯ್ಯೋ, ಮುಟ್ಟಿಯಾ?" ಎಂದರು ಸೆಲ್ವಿ ಅಕ್ಕ.

"ಹೂಂ, ಮುಟ್ಟಿ ನೋಡ್ರಿ."

ಅವರ ತಮಿಳಿನಲ್ಲಿ ಮಂಡೈ ಎಂದರೆ ತಲೆ, ಮುಟ್ಟಿ ಎಂದರೆ ಮಂಡಿ. ಇದು ಮೂವರಿಗೂ ಸ್ಪಷ್ಟವಾಗುವಷ್ಟರಲ್ಲಿ ಎಣ್ಣೆ ಮುಗಿದಿತ್ತು. ಒಬ್ಬರು ಇನ್ನೊಬ್ಬರ ಭಾಷೆಗೆ ಮರ್ಯಾದೆ ಕೊಡಲು ಹೋದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಕೂದಲು ಮೂರು ದಿನ ಸಾಕ್ಷಿಯಾಗಿತ್ತು. ಚೆನ್ನಾಗಿ ನಿದ್ದೆ ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ತಲೆಗೆ ಎಣ್ಣೆ ಹಾಕಿದರೆ ಮಂಡಿನೋವು ಹೋಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ ನನ್ನ ಬಳಿ ಕಳಿಸಿ. ಪ್ರಯೋಗ ಆಗಿದೆ. ಹೋಗುವುದಿಲ್ಲ.

ಕೊನೆಗೆ ಸೇರಿದ್ದು ಜೆಸಿಂತಾ ಮೇಡಂ ಕೈಗೆ. ಅವರು ಫಿಸಿಯೋ. ನಮ್ಮ ರಸ್ತೆಯ ಆಚೆ ತುದಿಯಲ್ಲಿ, ಹಳೆಯ ಬಂಗಲೆಯೊಂದರ ಕಾರ್ ಶೆಡ್ಡೇ ಅವರ ಕ್ಲಿನಿಕ್ಕು. ಕುರ್ಚಿಯಿಂದ ನಿಧಾನ ಏಳು, ನಿಧಾನ ಕೂರು, ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಲ್ಲು. ಪ್ರತಿಯೊಂದಕ್ಕೂ ನಾನು ಆಧಾರ ಕೇಳಿದೆ.

"ನಿನ್ನ ತೊಡೇನೇ ಆಧಾರ ಮಾ," ಎಂದು ಅಳತೆಪಟ್ಟಿ ಸುತ್ತಿ ತೋರಿಸಿದರು. "ನೋಡು, ಬಲಗಡೇದು ಸಣ್ಣಗಾಗೋಗಿದೆ. ಮಂಡಿ ಮೇಲೆ ಯಾಕೆ ಕೋಪ ಮಾಡ್ಕೊಂತೀಯಾ? ಪಾಪ, ಮೇಲಿನವ್ರು ಮಾಡ್ಬೇಕಾದ ಕೆಲ್ಸಾನೂ ಅದೇ ಮಾಡ್ತಿದೆ."

ನಮ್ಮ ಕಚೇರಿಯಲ್ಲಿ ಇಂಥ ಪರಿಸ್ಥಿತಿ ನನಗೆ ಪರಿಚಿತವಾದ್ದರಿಂದ ಒಪ್ಪಿಕೊಂಡೆ. ಮಳೆಗಾಲ ಪೂರ್ತಿ ಕುರ್ಚಿಯಿಂದ ಏಳುತ್ತ ಕೂರುತ್ತ ಕಳೆದೆ. ಚಳಿ ಬಿದ್ದ ಮೇಲೆ ಒಂದು ದಿನ ಅವರು ಓಡಬಹುದು ಎಂದರು. ಷರತ್ತುಗಳಿದ್ದವು. ಮಣ್ಣಿನ ನೆಲದ ಮೇಲೆ ಓಡಬೇಕು. ಸ್ವಲ್ಪ ಓಟ, ಸ್ವಲ್ಪ ನಡಿಗೆ. "ಮತ್ತೆ ಮಾತಾಡ್ಕೊಂಡು ಓಡ್ಬೇಕು. ಪೂರ್ತಿ ಸೆಂಟೆನ್ಸ್ ಹೇಳೋಕೆ ಉಸಿರು ಸಿಗ್ಲಿಲ್ಲ ಅಂದ್ರೆ ಸ್ಪೀಡ್ ಜಾಸ್ತಿ ಅಂತ ಅರ್ಥ. ನಿನಗೇನು ಕಷ್ಟ ಮಾ, ಬಾಯಿ ಇದೆಯಲ್ಲಾ."

ನನ್ನ ಕಷ್ಟವನ್ನು ಹೇಗೆ ಹೇಳುವುದು? ಮಾತು ನಿಲ್ಲಲಿ ಎಂದೇ ಓಡುವವಳಿಗೆ, ಮಾತಾಡಿದರೆ ಮಾತ್ರ ಓಟ ಎಂದು ತೀರ್ಪಾಗಿತ್ತು.

"ಇನ್ನೊಂದು," ಎಂದರು. "ಓಡೋವಾಗ ನೋವಿಲ್ಲ ಅಂತ ಖುಷಿ ಪಡ್ಬೇಡ. ಮಂಡಿ ಆಗ ಏನೂ ಹೇಳಲ್ಲ. ಮಾರನೇ ಬೆಳಿಗ್ಗೆ ಎದ್ದು ಮೆಟ್ಲು ಇಳಿ. ಆಗ ಹೇಳುತ್ತೆ."

"ಅಂದ್ರೆ ಉತ್ತರ ಕೊಡೋಕೆ ಅದಕ್ಕೆ ಒಂದು ದಿನ ಟೈಮ್ ಇದೆ."

"ಯೆಸ್. ಅಲ್ಲೀವರೆಗೂ ನೀನು ಗೆದ್ದಿದೀನಿ ಅನ್ಕೋಬೇಡ."

ಚರ್ಚಾಸ್ಪರ್ಧೆಯಲ್ಲಿ ಹೀಗೆ ರಾತ್ರಿ ಮನೆಗೆ ಹೋಗಿ, ಊಟ ಮಾಡಿ, ಮಲಗಿ, ಬೆಳಿಗ್ಗೆ ಬಂದು ಖಂಡಿಸುವ ಎದುರಾಳಿಗಳಿದ್ದಿದ್ದರೆ ನನ್ನ ಕಪಾಟಿನಲ್ಲಿ ಒಂದು ಫಲಕವೂ ಇರುತ್ತಿರಲಿಲ್ಲ.

ಮಾತಾಡಿಕೊಂಡು ಓಡಲು ಮಾತಾಡುವವರು ಬೇಕಲ್ಲ. ಅರ್ಷಿಯಾಗೆ ಫೋನು ಮಾಡಿದೆ. ಪುಲಿಕೇಶಿನಗರದವಳು. ಎದುರು ಕಾಲೇಜಿನ ತಂಡದಲ್ಲಿದ್ದಳು. ವಿಷಯ ಯಾವುದೇ ಇರಲಿ, ನಾನು ಪರ ಎಂದರೆ ಅವಳು ವಿರೋಧ, ಚೀಟಿ ಎತ್ತಿದಾಗಲೆಲ್ಲ ಹಾಗೇ ಬೀಳುತ್ತಿತ್ತು. ಫಲಿತಾಂಶಕ್ಕೆ ಕಾಯುತ್ತ ಸಭಾಂಗಣದ ಹಿಂದಿನ ಸಾಲಿನಲ್ಲಿ ಒಂದೇ ಸಮೋಸ ಹಂಚಿಕೊಂಡು ಸ್ನೇಹಿತೆಯರಾದೆವು. ಅದನ್ನು ಹಂಚಿದ್ದು ಸಮವಾಗಿತ್ತೇ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

"ಮಾತಾಡೋಕೆ ತಾನೆ? ಬರ್ತೀನಿ," ಎಂದಳು. "ಆದ್ರೆ ನಾನು ಓಡಲ್ಲ. ಓಡೋದು ನನ್ನ ಸಿದ್ಧಾಂತಕ್ಕೆ ವಿರುದ್ಧ."

ಹಾಗಾಗಿ ಅವ್ವನ ಮೊಸರಿಗೆ ನೀ ಕ್ಯಾಪ್ ಬಿಟ್ಟುಕೊಟ್ಟು, ಆ ಡಿಸೆಂಬರಿನ ಬೆಳಿಗ್ಗೆ ನಮ್ಮ ಮನೆಯ ಹತ್ತಿರದ ಚರ್ಚಿನ ಮೈದಾನಕ್ಕೆ ಹೋದೆ. ಅರ್ಷಿಯಾ ಚಪ್ಪಲಿಯಲ್ಲೇ ಬಂದಿದ್ದಳು. ನಾನು ಓಡತೊಡಗಿದೆ. ಅವಳು ಪಕ್ಕದಲ್ಲಿ ನಡೆಯತೊಡಗಿದಳು. ಅರ್ಧ ಮೈದಾನ ದಾಟಿದ ಮೇಲೆ ಕೇಳಿದಳು.

"ಒಂದು ಡೌಟು. ನಾನೀಗ ಏನ್ ಮಾಡ್ತಿದೀನಿ?"

"ನಡೀತಿದೀಯ."

"ನೀನು?"

"ಓಡ್ತಿದೀನಿ."

"ಇಬ್ರೂ ಪಕ್ಕಪಕ್ಕದಲ್ಲೇ ಇದೀವಿ."

"ಸ್ಪೀಡ್ ಬೇರೆ, ಕ್ರಿಯೆ ಬೇರೆ. ಓಟ ಅಂದ್ರೆ ಎರಡೂ ಪಾದ ಒಂದು ಕ್ಷಣ ನೆಲ ಬಿಟ್ಟಿರ್ಬೇಕು. ವ್ಯಾಖ್ಯೆ ಅಷ್ಟೇ."

"ನಿಂದು ಬಿಟ್ಟಿದೆಯಾ?"

"ಬಿಟ್ಟಿರುತ್ತೆ."

"ಇರುತ್ತೆ ಅಂದ್ರೆ?" ಅವಳು ಮುಂದೆ ಹೋಗಿ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಫೋನಿನಲ್ಲಿ ನನ್ನ ಕಾಲುಗಳನ್ನು ಚಿತ್ರೀಕರಿಸಿದಳು. ಆಮೇಲೆ ಅದನ್ನು ನಿಧಾನ ಮಾಡಿ ತೋರಿಸಿದಳು. "ನೋಡು. ಎಡಗಾಲು ಇನ್ನೂ ನೆಲದಲ್ಲೇ ಇದೆ, ಬಲಗಾಲು ಆಗ್ಲೇ ಬಂದ್ಬಿಟ್ಟಿದೆ. ನೆಲಕ್ಕೆ ನಿನ್ನ ಬಿಡೋಕೆ ಮನಸ್ಸಿಲ್ಲ ಮಗಾ."

ವ್ಯಾಖ್ಯೆ ನನ್ನದೇ, ಸಾಕ್ಷ್ಯ ನನ್ನದೇ ಕಾಲು. ದಾಖಲೆಯ ಪ್ರಕಾರ ನಾನು ಕುಣಿಯುತ್ತ ನಡೆಯುತ್ತಿದ್ದೆ, ಅಷ್ಟೇ.

ಹೀಗೆ ಚಳಿಗಾಲವಿಡೀ ನಡೆಯಿತು. ಒಂದು ದಿನ ಬಿಟ್ಟು ಒಂದು ದಿನ ಅರ್ಷಿಯಾ ನಡೆಯುತ್ತಿದ್ದಳು, ನಾನು ಅವಳ ಪಕ್ಕದಲ್ಲಿ ನನ್ನ ಪ್ರಕಾರ ಓಡುತ್ತಿದ್ದೆ. ವಾದಕ್ಕೆ ಕೊರತೆ ಇರಲಿಲ್ಲ.

"ಪಾಯಾ ಕುಡಿ," ಎನ್ನುತ್ತಿದ್ದಳು. "ನಮ್ಮ ಅಮ್ಮಿ ಮಾಡಿ ಕಳಿಸ್ತೀನಿ ಅಂತಿದಾರೆ. ಕುರಿ ಕಾಲಿನ ಸೂಪು, ಮೂಳೆಗೆ ಒಳ್ಳೇದು."

"ಕುರಿ ಕಾಲು ತಿಂದ್ರೆ ನನ್ನ ಕಾಲು ಸರಿಹೋಗುತ್ತೆ ಅನ್ನೋದಾದ್ರೆ, ಭೇಜಾ ತಿಂದವರಿಗೆಲ್ಲ ಬುದ್ಧಿ ಬರ್ಬೇಕಿತ್ತು."

"ಬಂದಿದೆ. ಅದಕ್ಕೇ ನಾನು ನಡೀತಿದೀನಿ, ನೀನು ಓಡ್ತಿದೀನಿ ಅಂತಿದೀಯ."

ಮಾರನೆಯ ಬೆಳಿಗ್ಗೆ ಮೆಟ್ಟಿಲ ಪರೀಕ್ಷೆ. ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಹಾಲಿನ ಪ್ಯಾಕೆಟ್ಟು ಗೇಟಿನ ಚೀಲದಲ್ಲಿರುತ್ತದೆ. ನಾನು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವ ಸದ್ದಿಗೆ ಅವ್ವ ಅಡುಗೆಮನೆಯಿಂದ ಕೇಳುತ್ತಿದ್ದಳು: "ಏನಂತೈತಿ?" ಮನೆಯಲ್ಲಿ ಮುನಿಸಿಕೊಂಡ ಅತಿಥಿಯೊಬ್ಬರನ್ನು ವಿಚಾರಿಸುವ ಧಾಟಿ. ಕೆಲವು ದಿನ ಅದು ಕಟಕ್ ಎನ್ನುತ್ತಿತ್ತು. ಕೆಲವು ದಿನ ಒಳಗೆಲ್ಲೋ ತುಕ್ಕು ಹಿಡಿದ ಕೀಲಿನ ಗೊಣಗಾಟ. ಒಂದು ಬೆಳಿಗ್ಗೆ ಕೊಂಚ ಬಿಸಿಯಾಗಿತ್ತು, ನಾಲ್ಕು ದಿನ ಬಿಟ್ಟೆ. ಆ ನಾಲ್ಕು ದಿನ ನಾನು ಮನೆಯಲ್ಲಿ ಎಲ್ಲರೊಡನೆ ಜಗಳವಾಡಿದೆ ಎಂದು ಅವ್ವ ಹೇಳುತ್ತಾಳೆ. ಎಲ್ಲರೂ ಎಂದರೆ ಅವ್ವ ಒಬ್ಬಳೇ. ಅಪ್ಪ ಹುಬ್ಬಳ್ಳಿಗೆ ಹೋಗಿದ್ದರು.

ಯುಗಾದಿ ಹತ್ತಿರವಾಗುವ ಹೊತ್ತಿಗೆ ಜೆಸಿಂತಾ ಮೇಡಂ ಮಂಡಿಯನ್ನು ಮಡಚಿ, ತಿರುಗಿಸಿ, ಒತ್ತಿ ನೋಡಿ ಹೇಳಿದರು. "ಈ ವಾರ ನಡಿಗೆ ಸೇರಿಸ್ಬೇಡ. ನಿಲ್ಲದೇ ಓಡು. ಮಾರನೇ ಬೆಳಿಗ್ಗೆ ಊದಿಲ್ಲ ಅಂದ್ರೆ ಇನ್ನು ನನ್ನ ಹತ್ರ ಬರ್ಬೇಡ."

"ಊದಿದ್ರೆ?"

"ಆಗಲೂ ನನ್ನ ಹತ್ರ ಬರ್ಬೇಡ. ಡಾಕ್ಟ್ರ ಹತ್ರ ಹೋಗು."

ಎರಡು ದಾರಿಯಲ್ಲೂ ಅವರು ನನ್ನಿಂದ ಮುಕ್ತರಾಗುತ್ತಿದ್ದರು. ಮುಖದಲ್ಲಿ ಆ ನೆಮ್ಮದಿ ಕಾಣುತ್ತಿತ್ತು.

ಗೊತ್ತುಮಾಡಿಕೊಂಡ ದಿನ ಹೋದರೆ ಚರ್ಚಿನ ಮೈದಾನದಲ್ಲಿ ಯಾರದೋ ಮದುವೆಗೆ ಶಾಮಿಯಾನ ಹಾಕುತ್ತಿದ್ದರು. ನಾಳೆ ಬರೋಣ ಎಂದಳು ಅರ್ಷಿಯಾ. ನಾಳೆಯವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. ಅವಳ ಸ್ಕೂಟರಿನಲ್ಲಿ ಹಲಸೂರು ದಾಟಿ ಇಂದಿರಾನಗರದ ಒಳರಸ್ತೆಯಲ್ಲಿ ಅವಳಿಗೆ ಗೊತ್ತಿದ್ದ ಒಂದು ಪಾರ್ಕಿಗೆ ಹೋದೆವು. ಪಕ್ಕದ ಸಣ್ಣ ಗೇಟಿನಿಂದ ಒಳಗೆ ಹೋದೆವು. ಅಂಚಿನಲ್ಲಿ ಮಣ್ಣಿನ ದಾರಿ ಇತ್ತು. ಹಿರಿಯರು ಚಳಿ ಮುಗಿದರೂ ಬಿಡದ ಮಫ್ಲರು ಸುತ್ತಿಕೊಂಡು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ನಡೆಯುತ್ತಿದ್ದರು. ಓಡತೊಡಗಿದೆ.

ಮೊದಲ ಸುತ್ತಿನಲ್ಲಿ ಅರ್ಷಿಯಾ ಒಂದೇ ಸಮನೆ ಮಾತಾಡಿದಳು. ಅವರ ಕಚೇರಿಯಲ್ಲಿ ಯಾರೋ ರಾಜೀನಾಮೆ ಕೊಟ್ಟ ಕಥೆ. ಎರಡನೆಯ ಸುತ್ತಿನಲ್ಲಿ ಕಥೆ ತುಂಡು ತುಂಡಾಗಿ ಬಂತು. ಆಮೇಲೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಹೊಂಗೆಯ ಮರಗಳು ಎಳೆ ಎಲೆ ಬಿಟ್ಟಿದ್ದವು. ಬೆಂಚು ಬರುತ್ತಿತ್ತು, ಹೋಗುತ್ತಿತ್ತು. ಬಲಗಾಲು ಎಡಗಾಲಿನ ಹಾಗೆಯೇ ಕೇಳಿಸುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಗಮನಕ್ಕೆ ಬಂತು, ನಾನು ಯಾರಿಗೂ ಏನೂ ಉತ್ತರ ಕೊಡುತ್ತಿರಲಿಲ್ಲ. ತಲೆಯೊಳಗಿನ ಕುರ್ಚಿ ಖಾಲಿಯಾಗಿತ್ತು. ಅದು ಖಾಲಿ ಎಂದು ಗಮನಿಸಿದರೆ ಮತ್ತೆ ತುಂಬಿಬಿಡುತ್ತದೆಂದು ಆ ಕಡೆ ನೋಡಲಿಲ್ಲ.

ಆಗ ಸೀಟಿ ಕೇಳಿಸಿತು.

"ಮೇಡಂ, ನಿಂತ್ಕೊಳಿ. ಇಲ್ಲಿ ಓಡಂಗಿಲ್ಲ."

ಖಾಕಿ ಸ್ವೆಟರಿನ ಕಾವಲುಗಾರ ದಾರಿಗೆ ಅಡ್ಡ ನಿಂತಿದ್ದ. ದೊಡ್ಡ ಗೇಟಿನ ಕಡೆ ಕೈ ತೋರಿಸಿದ. ಅಲ್ಲಿ ಬೋರ್ಡಿತ್ತು: ನಡಿಗೆಗೆ ಮಾತ್ರ, ಓಡುವುದನ್ನು ನಿಷೇಧಿಸಿದೆ. ಸಣ್ಣ ಗೇಟಿನಿಂದ ಬಂದವರಿಗೆ ಅದು ಕಾಣುವಂತಿರಲಿಲ್ಲ.

ಅರ್ಷಿಯಾ ಹಿಂದಿನಿಂದ ಬಂದು ಸೇರಿದಳು. ಚೀಟಿ ಎತ್ತದೆಯೇ ನನ್ನ ಪರ ನಿಂತದ್ದು ಅವಳ ಜೀವನದಲ್ಲಿ ಅದೇ ಮೊದಲು.

"ನೋಡಿ... ಇವಳು ಓಡ್ತಾ ಇರ್ಲಿಲ್ಲ," ಎಂದಳು. "ನಾನು... ನಡೀತಿದ್ದೆ. ಇವಳು ನನ್ನ... ಪಕ್ಕದಲ್ಲೇ ಇದ್ಳು. ಅಂದ್ರೆ... ಲಾಜಿಕ್ ಪ್ರಕಾರ..."

ಲಾಜಿಕ್ಕಿನ ಹತ್ತಿರ ಬರುವಷ್ಟರಲ್ಲಿ ಉಸಿರು ಮುಗಿಯಿತು. ಅವಳು ಸೊಂಟಕ್ಕೆ ಕೈ ಕೊಟ್ಟು ಬಗ್ಗಿದಳು.

"ನಡೆದ್ರೆ ಇಷ್ಟು ಏದುಸಿರು ಬರುತ್ತಾ ಮೇಡಂ? ನೀವೂ ಓಡ್ತಿದ್ರಿ."

"ನಾನಾ?" ಎಂದಳು ಅರ್ಷಿಯಾ. ಸಿದ್ಧಾಂತಕ್ಕೆ ಪೆಟ್ಟು ಬಿದ್ದ ಮುಖ.

ಮಂಕಿ ಕ್ಯಾಪಿನ ಅಂಕಲ್ ಒಬ್ಬರು ನಿಂತು ಸಾಕ್ಷಿ ನುಡಿದರು. "ನಾನು ನೋಡ್ದೆ ಕಣಯ್ಯಾ. ಈ ಹುಡುಗಿ ಓಡ್ತಿತ್ತು. ಆ ಹುಡುಗಿ ಬಸ್ ತಪ್ಪಿಸ್ಕೊಂಡವ್ರ ಥರ ಹಿಂದೆ ಬರ್ತಿತ್ತು."

ಕಾವಲುಗಾರ ನನ್ನ ಕಡೆ ತಿರುಗಿದ. ನನ್ನ ಬಳಿ ವಾದಗಳಿದ್ದವು, ಇಲ್ಲದೆ ಏನು. ಬೋರ್ಡು ಒಂದೇ ಗೇಟಿನಲ್ಲಿದೆ. ಓಟ ಎಂದರೇನೆಂದು ಅದರಲ್ಲಿ ಬರೆದಿಲ್ಲ. ನಿಧಾನವಾಗಿ ಓಡುವವರಿಗಿಂತ ಬೀಸುಗಾಲಲ್ಲಿ ನಡೆಯುವವರು ಹಿರಿಯರಿಗೆ ಹೆಚ್ಚು ಅಪಾಯ. ಮೂರೂ ಗೆಲ್ಲುವ ವಾದಗಳು. ಆದರೆ ಗೆದ್ದರೆ ಏನಾಗುತ್ತದೆ? ನಾನು ಓಡುತ್ತಿರಲಿಲ್ಲ ಎಂದು ತೀರ್ಮಾನವಾಗುತ್ತದೆ. ಇಷ್ಟು ತಿಂಗಳಲ್ಲಿ ನಾನು ಓಡುತ್ತಿದ್ದೇನೆಂದು ಹೇಳಿದ ಮೊದಲ ಮನುಷ್ಯ ಇವನು. ಅದೂ ನನ್ನನ್ನು ಮೆಚ್ಚಿಸುವ ಯಾವ ಉದ್ದೇಶವೂ ಇಲ್ಲದೆ.

"ಹೌದು," ಎಂದೆ. "ಓಡ್ತಿದ್ದೆ."

ಅವನು ಜಗಳಕ್ಕೆ ತಯಾರಾಗಿ ಬಂದವನು. ಸೀಟಿಯನ್ನು ಜೇಬಿಗಿಳಿಸಿದ. "ಮತ್ತೆ... ಓಡ್ಬಾರ್ದು."

"ಸರಿ ಅಣ್ಣಾ, ಹೋಗ್ತೀವಿ. ನಾನು ಜೋರಾಗಿ ಓಡ್ತಿದ್ನಾ?"

ಅವನು ಯೋಚಿಸಿದ. "ಸಾಧಾರಣ," ಎಂದ.

ಅಷ್ಟು ಪಕ್ಷಪಾತವಿಲ್ಲದ ತೀರ್ಪನ್ನು ನಾನು ಯಾವ ನಿರ್ಣಾಯಕರಿಂದಲೂ ಪಡೆದಿಲ್ಲ. ಇಬ್ಬರೂ ದೊಡ್ಡ ಗೇಟಿನಿಂದ, ಬೋರ್ಡಿನ ಕೆಳಗೆ ಹಾದು ಹೊರಬಂದೆವು. ಸ್ಕೂಟರಿನ ಹತ್ತಿರ ಬಂದ ಮೇಲೆ ಅರ್ಷಿಯಾ ಕೇಳಿದಳು, "ಎಷ್ಟು ಸುತ್ತಾಯ್ತು?" ಲೆಕ್ಕ ಇರಲಿಲ್ಲ. ಮೇಡಂ ಹೇಳಿದ್ದಕ್ಕಿಂತ ಜಾಸ್ತಿಯೇ ಆಗಿತ್ತು ಎಂಬುದಂತೂ ಗ್ಯಾರಂಟಿ. ಮಾತಾಡಿಕೊಂಡು ಓಡಬೇಕೆಂಬ ನಿಯಮವನ್ನೂ ಮುರಿದಿದ್ದೆ. ಮೊದಲೆರಡು ಸಲ ಊದಿದ್ದು ಇಂಥ ಸಂತೋಷದ ಮಾರನೆಯ ದಿನವೇ. ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅಂಗೈಯನ್ನು ಮಂಡಿಯ ಮೇಲೇ ಇಟ್ಟುಕೊಂಡಿದ್ದೆ. ಬಿಸಿಯಾಗಿತ್ತು. ಅಂಗೈಯೂ ಬಿಸಿಯಾಗಿತ್ತು, ಆದ್ದರಿಂದ ಯಾವುದೂ ಸಾಬೀತಾಗಲಿಲ್ಲ.

ಮಾರನೆಯ ಬೆಳಿಗ್ಗೆ ಹಾಸಿಗೆಯ ಮೇಲೆ ಕೂತು ಎರಡೂ ಮಂಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಎರಡರ ಅಂಚೂ ಒಂದೇ ಥರ ಕಾಣುತ್ತಿತ್ತು. ಕಣ್ಣನ್ನು ನಂಬದೆ ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಕಂಬಿ ಹಿಡಿದು ಮೆಟ್ಟಿಲು ಇಳಿದೆ. ಹಾಲು ತೆಗೆದುಕೊಳ್ಳದೆ ಮೇಲೆ ಬಂದು, ಕಂಬಿ ಹಿಡಿಯದೆ ಮತ್ತೊಮ್ಮೆ ಇಳಿದೆ.

"ಏನಂತೈತಿ?" ಎಂದಳು ಅವ್ವ ಒಳಗಿನಿಂದ.

"ಏನೂ ಅನ್ನಲಿಲ್ಲ."

"ಏನೂ ಅಂದ್ರ ಏನೂ ಇಲ್ಲಾ?"

"ಇಲ್ಲ."

ಎದುರಾಳಿ ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿದನೆಂದು ಅರ್ಥವಲ್ಲ, ಇದು ನನಗೆ ಗೊತ್ತು. ಎಷ್ಟೋ ಸಲ ಅವನು ಸುಮ್ಮನೆ ಕೂತು ಮುಂದಿನ ಸುತ್ತಿಗೆ ಟಿಪ್ಪಣಿ ಮಾಡಿಕೊಳ್ಳುತ್ತಿರುತ್ತಾನೆ. ಆದರೂ ಸ್ವಲ್ಪ ಹೊತ್ತು ಕೆಳಗಿನ ಮೆಟ್ಟಿಲ ಮೇಲೆ ಹಾಲಿನ ಪ್ಯಾಕೆಟ್ಟು ಹಿಡಿದು ನಿಂತೇ ಇದ್ದೆ. ಪಕ್ಕದ ಮನೆಯವರು ಏನಾಯ್ತು ಎಂದು ಕೇಳುವವರೆಗೆ.

ಅರ್ಷಿಯಾಗೆ ಫೋನು ಮಾಡಿದೆ.

"ಊದಿಲ್ಲ," ಎಂದೆ.

ಆ ಕಡೆ ನರಳುವ ದನಿ. "ಒಳ್ಳೇದಾಯ್ತು ಕಣೇ. ನನಗೆ ಮಂಚದಿಂದ ಕೆಳಗೆ ಇಳಿಯೋಕಾಗ್ತಿಲ್ಲ. ತೊಡೆಯೆಲ್ಲ ಹಿಡ್ಕೊಂಡಿದೆ. ಅಮ್ಮಿ ಪಾಯಾ ಮಾಡ್ತಿದಾರೆ, ನನಗೇ."

"ನಾಳಿದ್ದು ಬರ್ತೀಯ ತಾನೆ?"

"ಎಲ್ಲಿಗೆ? ಇಲ್ಲಿ ಶಾಮಿಯಾನ, ಅಲ್ಲಿಂದ ಅವ್ನು ಓಡಿಸ್ಬಿಟ್ಟ."

"ಓಡಿಸಲಿ ಬಿಡು," ಎಂದೆ.